ನಾಲ್ಕನೇ ಕೋಣೆಯ ಅತಿಥಿ

ಇದು ನಡೆದ ಕಥೆ. ನಡೆದದ್ದು ಅನ್ನುವುದಕ್ಕಿಂತ ಓಡಾಡಿದ್ದು ಅನ್ನುವುದೇ ಸರಿ, ಏಕೆಂದರೆ ಇದರ ನಾಯಕರು ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಸ್ಯಾಕ್ಸೋಫೋನ್ ಕಲಿಸುವ ಮೇಷ್ಟ್ರು ಅವರು. ವಿದ್ಯಾರ್ಥಿಗಳು ಇಟ್ಟ ಹೆಸರು ಗಾಳಿ ಮೇಷ್ಟ್ರು. ಊದುವುದೂ ಗಾಳಿ, ಪಾಠದ ನಡುವೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಸುಳಿದಾಡುವುದೂ ಗಾಳಿಯೇ. ಈ ಹೆಸರು ಅವರ ಕಿವಿಗೆ ಬಿದ್ದಿಲ್ಲವೆಂದು ಎಲ್ಲರೂ ನಂಬಿದ್ದರು. ಬಿದ್ದಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಆ ದಿನ ಮಾತ್ರ ಗಾಳಿಯ ಜೋರು ಹೆಚ್ಚಾಗಿತ್ತು. ಬೆಳಿಗ್ಗೆ ಟೀ ಲೋಟ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಮತ್ತೆ ಅಡುಗೆಮನೆಗೆ ತಿರುಗುತ್ತಿದ್ದವರನ್ನು ಹೆಂಡತಿ ತಡೆದರು.

"ರೀ, ಕೂತ್ಕೊಂಡು ಕುಡೀರಿ. ಹೀಗೆ ತಿರುಗ್ತಾ ಕುಡಿದ್ರೆ ಟೀ ಹೊಟ್ಟೆಗೆ ಹೋಗಲ್ಲ, ಮೊಣಕಾಲಿಗೆ ಇಳಿಯುತ್ತೆ."

"ಸಂಜೆಯೊಳಗೆ ಹೇಳ್ಬೇಕು ಕಣೆ."

"ಹೇಳಿ. ನುಡಿಸ್ತೀನಿ ಅನ್ನಿ, ಇಲ್ಲ ಅನ್ನಿ. ಎರಡೂ ಒಂದೇ ಉಸಿರಿನ ಮಾತು. ನಿಮಗೆ ಉಸಿರಿಗೇನು ಬರ."

ಹೇಳಬೇಕಾಗಿದ್ದುದು ವಿಭಾಗದ ಮುಖ್ಯಸ್ಥರಿಗೆ. ತಿಂಗಳ ಕೊನೆಯಲ್ಲಿ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ. ಮೇಷ್ಟ್ರು ತಮ್ಮ ಹಳೆಯ ಕೃತಿಯನ್ನೇ ಮತ್ತೆ ನುಡಿಸಬೇಕೆಂದು ಮುಖ್ಯಸ್ಥರ ಆಸೆ. ಭಿತ್ತಿಪತ್ರ ಮರುದಿನ ಅಚ್ಚಿಗೆ ಹೋಗುವುದಿತ್ತು. ಮೇಷ್ಟ್ರು ಮನಸ್ಸಿನಲ್ಲೇ ಇಲ್ಲ ಅಂದಾಗಿತ್ತು. ಅದು ಬಾಯಿಗೆ ಬರಬೇಕಷ್ಟೆ. ಬಂದರೆ ಈ ಸಲಕ್ಕೆ ಮಾತ್ರವಲ್ಲ, ಇನ್ನು ವೇದಿಕೆಯೇ ಬೇಡವೆಂದು ಅವರು ತೀರ್ಮಾನಿಸಿಕೊಂಡಿದ್ದರು. ಇನ್ನು ಮುಂದೆ ಪಾಠ ಹೇಳಿಕೊಂಡಿದ್ದರೆ ಸಾಕು.

ಆ ಹಳೆಯ ಕೃತಿಯ ಚರಿತ್ರೆ ಸ್ವಲ್ಪ ಹೇಳಬೇಕು. ಮೇಷ್ಟ್ರ ದೊಡ್ಡಪ್ಪ ಅಗ್ನಿಶಾಮಕ ದಳದ ಬ್ಯಾಂಡಿನಲ್ಲಿದ್ದವರು. ಯಾರಿಗೂ ಬೇಡವಾಗಿದ್ದ ಒಂದು ಸ್ಯಾಕ್ಸೋಫೋನನ್ನು ಹುಡುಗನ ಕೊರಳಿಗೆ ತಗುಲಿಸಿ, "ಬೆಂಕಿ ಆರ್ಸೋಕೆ ನೀರು, ಹಚ್ಚೋಕೆ ಗಾಳಿ. ನೀನು ಗಾಳಿ ಕಡೆ ಹೋಗು" ಅಂದಿದ್ದರಂತೆ. ಹುಡುಗ ಹೋದ. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕಲಿತ, ಸಂಗೀತ ಶಾಲೆ ಸೇರಿದ, ಪಾಶ್ಚಾತ್ಯ ಶಾಸ್ತ್ರೀಯ ವಾದನವೇ ತನ್ನ ದಾರಿ ಎಂದುಕೊಂಡ. ಆ ದಾರಿಯಲ್ಲಿ ಒಂದು ತೊಡಕಿದೆ. ದೊಡ್ಡ ವಾದ್ಯವೃಂದಗಳಲ್ಲಿ ಪಿಟೀಲಿಗೆ ಸಾಲುಸಾಲು ಕುರ್ಚಿ, ಕೊಳಲಿಗೂ ಕುರ್ಚಿ, ಸ್ಯಾಕ್ಸೋಫೋನಿಗೆ ಮಾತ್ರ ಕಾಯಂ ಕುರ್ಚಿಯಿಲ್ಲ. ಕರೆದಾಗ ಹೋಗಬೇಕು, ಅಪರೂಪಕ್ಕೆ ಬಂದ ನೆಂಟನ ಹಾಗೆ ಮೂಲೆಯಲ್ಲಿರಬೇಕು, ನುಡಿಸಿ ಎದ್ದು ಬರಬೇಕು. ಕುರ್ಚಿಯಿಲ್ಲದ ವಾದ್ಯ ಹಿಡಿದವರು ಕೂರುವುದಾದರೂ ಎಲ್ಲಿ ಅನ್ನುವುದು ಅವರ ಭಾವಮೈದನ ವ್ಯಾಖ್ಯಾನ.

ಹೀಗೆ ಅಲೆಯುತ್ತಿದ್ದ ಕಾಲದಲ್ಲಿ ಒಂದು ಧ್ವನಿಮುದ್ರಣವಾಯಿತು. ಪಿಯಾನೋ ಜೊತೆಗಿನ ಕೃತಿಯೇ, ಆದರೆ ಮೊದಲ ಭಾಗದಲ್ಲಿ ಸ್ಯಾಕ್ಸೋಫೋನ್ ಒಂಟಿ, ಕೈಹಿಡಿಯಲು ಯಾರೂ ಇಲ್ಲ. ಅದು ರೇಡಿಯೋದಲ್ಲಿ ಬಂತು, ಬಲ್ಲವರು ತಲೆದೂಗಿದರು, ಈ ಕೆಲಸ ಸಿಕ್ಕಿದ್ದೂ ಅದರಿಂದಲೇ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದ ಮೊದಲ ದಿನ ಮುಖ್ಯಸ್ಥರು ಅದನ್ನು ಹಾಕಿ ಕೇಳಿಸುತ್ತಾರೆ. ಆಗ ಮೇಷ್ಟ್ರು ಕ್ಯಾಂಟೀನಿಗೆ ಪರಾರಿ. ಮುದ್ರಣ ಮುಗಿದ ದಿನದಿಂದ ಅವರು ಅದನ್ನು ಒಮ್ಮೆಯೂ ಕೇಳಿಲ್ಲ. ಮೊದಮೊದಲು ಸೊಕ್ಕಿಗೆ ಕೇಳಲಿಲ್ಲ, ಮುಂದಿನದು ಇದಕ್ಕಿಂತ ಚೆನ್ನಾಗಿರುತ್ತದೆ ಎಂದು. ಆಮೇಲೆ ಭಯಕ್ಕೆ ಕೇಳಲಿಲ್ಲ, ಈಗಿನದಕ್ಕಿಂತ ಅದೇ ಚೆನ್ನಾಗಿದ್ದುಬಿಟ್ಟರೆ ಎಂದು. ಯಾರಾದರೂ "ಸಾರ್, ನಿಮ್ಮ ಆ ರೆಕಾರ್ಡಿಂಗು..." ಎಂದಾಗಲೆಲ್ಲ ಆ ಮುದ್ರಣದಲ್ಲಿದ್ದ ಹುಡುಗ ಇನ್ನೊಂದು ಗೇಣು ಎತ್ತರ ಬೆಳೆಯುತ್ತಿದ್ದ. ಅವನು ಸಂಪಾದಿಸಿದ ಮನೆಯಲ್ಲಿ ತಾವು ಬಾಡಿಗೆಗೆ ಇದ್ದೇವೆ ಅನ್ನಿಸುತ್ತಿತ್ತು ಮೇಷ್ಟ್ರಿಗೆ.

ಅಂದು ಬೆಳಿಗ್ಗೆ ಪಿಯಾನೋ ಮೇಡಂ ಜೊತೆ ಅಭ್ಯಾಸಕ್ಕೆ ಹೋದರು. ಬಹಳ ವರ್ಷಗಳಿಂದ ಇವರಿಗೆ ಜೊತೆ ನುಡಿಸಿ, ಇವರ ಉಸಿರು ಎಲ್ಲಿ ತುಂಬುತ್ತದೆ ಎಲ್ಲಿ ತೀರುತ್ತದೆ ಎಂದು ಇವರಿಗಿಂತ ಚೆನ್ನಾಗಿ ತಿಳಿದಾಕೆ. ಮೇಷ್ಟ್ರು ನಾಲ್ಕು ಸಾಲು ನುಡಿಸಿದರು, ನಿಲ್ಲಿಸಿದರು, ಮೌತ್‌ಪೀಸಿನ ರೀಡ್ ಬದಲಿಸಿದರು. ರೀಡ್ ಅಂದರೆ ಜೊಂಡಿನ ಒಂದು ತೆಳು ಸೀಳು. ತುಟಿಗೆ ತಾಗಿ ನಡುಗುವುದು ಅದೇ, ಸ್ಯಾಕ್ಸೋಫೋನಿನವರ ತಪ್ಪನ್ನೆಲ್ಲ ಹೊರುವುದೂ ಅದೇ. ಮತ್ತೆ ನುಡಿಸಿದರು, ಮತ್ತೆ ಬದಲಿಸಿದರು. ಪಿಯಾನೋ ಮೇಲೆ ಒದ್ದೆ ರೀಡುಗಳ ಸಾಲು ಹರಡಿತು.

"ಇರ್ಲಿ, ಇನ್ನೊಂದ್ ಸಲ," ಎಂದರು ಮೇಷ್ಟ್ರು. ಇದು ಅವರ ಮಂತ್ರ. ವಿದ್ಯಾರ್ಥಿ ಎಷ್ಟೇ ಚೆನ್ನಾಗಿ ನುಡಿಸಲಿ, ಎಷ್ಟೇ ಕೆಡಿಸಲಿ, ಬರುವ ಉತ್ತರ ಒಂದೇ.

"ಚೆನ್ನಾಗೇ ಇತ್ತಲ್ಲ ಸಾರ್," ಎಂದರು ಮೇಡಂ.

"ನಿಮಗೆ ಅಭ್ಯಾಸ ಆಗ್ಬಿಟ್ಟಿದೆ. ಹಳೇ ಫ್ಯಾನಿನ ಸದ್ದಿದ್ದಂಗೆ."

"ಹಳೇ ಫ್ಯಾನಾದ್ರೂ ಒಂದೇ ಕಡೆ ನಿಂತು ತಿರುಗುತ್ತೆ, ಸಾರ್."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಭಾವಮೈದ ಸಿಕ್ಕಿದ. ಹೆಂಡತಿಯ ತಮ್ಮ. ಅದೇ ವಿಭಾಗದ ಧ್ವನಿಮುದ್ರಣ ಕೋಣೆ ಅವನ ಸುಪರ್ದಿಯಲ್ಲಿತ್ತು. ಜನರ ಧ್ವನಿ ಹಿಡಿದಿಡುವುದು ಕೆಲಸ, ಹಿಡಿದದ್ದನ್ನು ಗಂಟಲಿನಿಂದ ಹೊರಬಿಡುವುದು ಚಟ. ಮುಖ್ಯಸ್ಥರು ಮಾತಿಗೆ ಮುಂಚೆ ಮೂರು ಬಾರಿ ಕೆಮ್ಮುವುದನ್ನು, ಕಟ್ಟಡದ ಲಿಫ್ಟು ಎರಡನೇ ಮಹಡಿಯಲ್ಲಿ ನರಳುವುದನ್ನು ಅವನು ಎಷ್ಟು ಪಕ್ಕಾ ಮಾಡುತ್ತಿದ್ದನೆಂದರೆ, ಒಮ್ಮೆ ಅವನ ನರಳಾಟ ಕೇಳಿ ಇಬ್ಬರು ಮೆಟ್ಟಿಲು ಹತ್ತಿ ಹೋಗಿದ್ದರು.

"ಏನ್ ಭಾವ, ಬಾಲ ಸುಟ್ಟ ಬೆಕ್ಕಿನ ಥರ ಆಡ್ತಿದ್ದೀರಂತೆ. ಅಕ್ಕ ಫೋನ್ ಮಾಡಿದ್ಲು."

"ನುಡಿಸಲ್ಲ ಅಂತ ಹೇಳ್ಬಿಡ್ತೀನಿ ಕಣೋ."

"ಯಾಕೆ?"

"ಜನ ಬರೋದು ಅವನನ್ನ ಕೇಳೋಕೆ. ನಾನು ಹೋಗಿ ನಿಂತ್ರೆ ಅವನೆಲ್ಲಿ ಅಂತಾರೆ."

"ಯಾವನನ್ನ?"

"ಆ ರೆಕಾರ್ಡಿಂಗಿನವನನ್ನ."

ಭಾವಮೈದ ಚಮಚ ಆಡಿಸುವುದನ್ನು ನಿಲ್ಲಿಸಿದ. "ಒಂದ್ಸಲ ಕೇಳಿ ನೋಡ್ಬಾರ್ದಾ ಭಾವ? ಕತ್ತರಿಸದೆ ಇರೋ ಮೂಲ ಟೇಪ್ ನಮ್ಮ ಕೋಣೆಯಲ್ಲೇ ಇದೆ."

"ಬಾಯಿ ಮುಚ್ಕೊಂಡು ಊಟ ಮಾಡು."

ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ ಎಂದು ಅವನು ಕೇಳುವ ಹೊತ್ತಿಗೆ ಮೇಷ್ಟ್ರು ತಟ್ಟೆ ಬಿಟ್ಟು ಎದ್ದಾಗಿತ್ತು.

ಮೂರು ಗಂಟೆಗಿದ್ದ ಪಾಠದಲ್ಲೂ ಅದೇ ಚಡಪಡಿಕೆ. ತನ್ನ ಸ್ವರ ತನಗೆ ಹಿತವಾಗಿಯೇ ಕೇಳುತ್ತಿದೆ ಎಂದ ವಿದ್ಯಾರ್ಥಿನಿಗೆ ಮೇಷ್ಟ್ರು ಕಿಟಕಿಯ ಬಳಿಯಿಂದಲೇ ಹೇಳಿದರು: "ನಿನ್ನ ಸ್ವರ ನಿನಗೆ ಕೇಳ್ಸೋದೇ ಇಲ್ಲಮ್ಮ. ಮೇಲಿನ ಹಲ್ಲು ಮೌತ್‌ಪೀಸ್ ಮೇಲೆ ಕೂತಿರುತ್ತೆ. ಸದ್ದು ಹಲ್ಲು ಹತ್ತಿ ತಲೆಗೆ ಏರುತ್ತೆ. ನೀನು ಕೇಳ್ತಿರೋದು ನಿನ್ನ ಬುರುಡೆ. ಹೊರಗಿನವರಿಗೆ ಕೇಳೋದೇ ಬೇರೆ." ಅವರು ಪ್ರತಿ ವರ್ಷ ಹೇಳುವ ಮಾತಿದು, ಪ್ರತಿ ವರ್ಷವೂ ನಿಜ.

ಪಾಠ ಮುಗಿದು ವಿದ್ಯಾರ್ಥಿನಿ ಹೋದಮೇಲೆ ಮೇಜಿನ ಫೋನು ಬಡಿದುಕೊಂಡಿತು. ಮೂರು ಕೆಮ್ಮು. ಮುಖ್ಯಸ್ಥರ ಧ್ವನಿ.

"ನೋಡಿ, ನಿಮಗೆ ಮನಸ್ಸಿಲ್ಲ ಅಂತ ಗೊತ್ತಾಯ್ತು. ಬಲವಂತ ಬೇಡ. ಒಬ್ಬ ಯುವಕನನ್ನ ಕರೆಸಿದ್ದೀನಿ, ಅದೇ ಕೃತಿ ನುಡಿಸ್ತಾನೆ. ನಾಲ್ಕನೇ ಕೋಣೆಯಲ್ಲಿ ಅಭ್ಯಾಸ ಮಾಡ್ತಿದ್ದಾನೆ. ನೀವೊಮ್ಮೆ ಕೇಳಿ, ಆಗಬಹುದಾ ಅಂತ ಹೇಳಿ."

ಫೋನು ಇಟ್ಟ ಮೇಷ್ಟ್ರಿಗೆ ನಿರಾಳವಾಗಬೇಕಿತ್ತು. ಬೇಡವೆಂದದ್ದನ್ನು ಇನ್ನೊಬ್ಬ ತೆಗೆದುಕೊಂಡನಲ್ಲ. ಆದರೆ ಎದೆಯಲ್ಲಿ ಏನೋ ಚುಚ್ಚಿತು. ಕೊರಳಲ್ಲಿದ್ದ ಸ್ಯಾಕ್ಸೋಫೋನನ್ನು ಕಳಚುವುದನ್ನೂ ಮರೆತು ಹೊರಟರು. ಕಾರಿಡಾರಿನುದ್ದಕ್ಕೂ ಅಭ್ಯಾಸದ ಕೋಣೆಗಳು. ದಿನಾ ಆ ದಾರಿಯಲ್ಲಿ ಹೋಗುವಾಗ ಬಾಗಿಲು ಕುಟ್ಟಿ, ತೆರೆಯದೆಯೇ ಒಳಗಿರುವವರ ತಪ್ಪು ಹೇಳುವುದು ಮೇಷ್ಟ್ರ ರೂಢಿ. ಮುಖ ಕಂಡರೆ ದಾಕ್ಷಿಣ್ಯ ಬರುತ್ತದೆ, ಹಲಗೆಗೆಂಥ ದಾಕ್ಷಿಣ್ಯ ಅನ್ನುತ್ತಿದ್ದರು.

ನಾಲ್ಕನೇ ಕೋಣೆಯ ದಪ್ಪ ಬಾಗಿಲಿನ ಹಿಂದಿನಿಂದ ಆ ಒಂಟಿ ಸ್ವರ ಬರುತ್ತಿತ್ತು. ಮೇಷ್ಟ್ರು ಕಿವಿಗೊಟ್ಟರು. ಹುಡುಗನ ಬೆರಳು ಪಳಗಿದೆ. ಚುರುಕಾಗಿದ್ದಾನೆ, ಒಪ್ಪಬೇಕು. ಆದರೆ ಮೂರನೆಯ ಸಾಲಿಗೆ ಅವರ ಹುಬ್ಬು ಗಂಟಾಯಿತು, ಐದನೆಯದಕ್ಕೆ ಕೈ ತಾನಾಗಿ ಮೇಲೆದ್ದು ಬಾಗಿಲು ಕುಟ್ಟಿತು.

"ಏನಪ್ಪ, ಬಸ್ಸು ತಪ್ಪಿಹೋಗುತ್ತಾ? ಅಲ್ಲಿ ಸ್ವಲ್ಪ ನಿಲ್ಲು. ಉದ್ದ ಸ್ವರಾನ ಯಾಕೆ ಅಷ್ಟು ನಡುಗಿಸ್ತೀಯಾ, ಜ್ವರ ಬಂದಿದೆಯಾ?"

ಒಳಗಿನವನು ನಿಲ್ಲಿಸಲಿಲ್ಲ. ಮಾತಾಡಿಸಿದರೆ ನಿಲ್ಲಿಸುವಷ್ಟು ಮರ್ಯಾದೆಯೂ ಇಲ್ಲ. ಮೇಷ್ಟ್ರಿಗೆ ಮೈ ಉರಿಯಿತು. ಪಕ್ಕದ ಕೋಣೆಗಳ ಬಾಗಿಲು ಒಂದೊಂದಾಗಿ ಓರೆಯಾಗಿ, ತಲೆಗಳು ಇಣುಕಿದವು. ಪಿಯಾನೋ ಮೇಡಂ ಎಲ್ಲಿಂದಲೋ ಬಂದು ಗೋಡೆಗೊರಗಿ ನಿಂತರು.

"ಎಲ್ಲಾ ಒಂದೇ ಸಲ ಹೇಳ್ಬಿಡ್ಬೇಕು ಇವನಿಗೆ," ಎಂದರು ಮೇಷ್ಟ್ರು ಆಕೆಯತ್ತ ತಿರುಗಿ. "ಕೇಳೋರಿಗೆ ಉಸಿರು ಬಿಡೋಕೂ ಜಾಗ ಕೊಡಲ್ಲ. ಮೆಚ್ಚಿಕೊಳ್ಳಿ, ಮೆಚ್ಚಿಕೊಳ್ಳಿ ಅಂತ ಅಂಗಿ ಹಿಡಿದು ಎಳೀತಾನೆ."

ಮೇಡಂ ಕಣ್ಣು ಕಾರಿಡಾರಿನ ಆ ತುದಿಯಲ್ಲಿತ್ತು. ಅಲ್ಲಿಂದ ಭಾವಮೈದ ದಡದಡ ಓಡಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಭಾವ, ಸಾಕು ಬನ್ನಿ. ಟೀ ಕುಡಿಯೋಣ."

"ಇರೋ."

"ಬನ್ನಿ ಅಂದ್ರೆ. ಅವ್ನೇನೋ ನುಡಿಸ್ಕೊಳ್ಳಲಿ ಬಿಡಿ. ಒಳ್ಳೆ ಹುಡುಗ."

"ಒಳ್ಳೆ ಹುಡುಗ ಅಂತ್ಲೇ ಹೇಳ್ತಿರೋದು. ಯಾರೂ ಹೇಳ್ದೆ ಹೊಗಳ್ತಾ ಕೂತ್ರೆ ಹಾಳಾಗ್ತಾನೆ."

ಭಾವಮೈದ ತೋಳು ಹಿಡಿದು ಎಳೆದ. ಮೇಷ್ಟ್ರು ಕೊಡವಿದರು. ಕಾಲು ನೆಲಕ್ಕೂರಿ, ಮೌತ್‌ಪೀಸನ್ನು ತುಟಿಗಿಟ್ಟು, ಅದೇ ಸಾಲನ್ನು ಕಾರಿಡಾರಿನಲ್ಲೇ ಊದಿದರು. ನಿಧಾನವಾಗಿ. ಉದ್ದ ಸ್ವರವನ್ನು ಅಲುಗಿಸದೆ ಹಿಡಿದರು, ಅದು ಸುತ್ತಿನ ಗೋಡೆಗಳಿಗೆಲ್ಲ ತಾಗಿ ಹಿಂತಿರುಗುವವರೆಗೆ ಕಾದರು, ಅಲ್ಲಿಂದ ಮುಂದಿನದಕ್ಕೆ ಇಳಿದರು. ರೀಡಿನ ನೆನಪೇ ಅವರಿಗೆ ಬರಲಿಲ್ಲ. ಒಳಗಿನವನು ಹಾರಿಹೋದ ಜಾಗದಲ್ಲಿ ಇವರು ನಿಂತರು, ಅವನು ಕೂಗಿದಲ್ಲಿ ಇವರು ಮಾತಾಡಿದರು. ಇಣುಕಿದ್ದ ತಲೆಗಳು ಮೈಸಮೇತ ಹೊರಗೆ ಬಂದವು. ಭಾವಮೈದನ ಕೈ ಅವರ ತೋಳಿನಿಂದ ತಾನಾಗಿ ಜಾರಿತು.

ಅವರು ಮುಗಿಸುವ ಹೊತ್ತಿಗೆ ಒಳಗಿನ ವಾದನವೂ ಮುಗಿದಿತ್ತು.

"ಈಗ ಕೇಳಿಸ್ತೇನಪ್ಪ? ಹೀಗೆ," ಎಂದು ಮೇಷ್ಟ್ರು ಬಾಗಿಲಿಗೆ ಹೇಳಿದರು.

ಬಾಗಿಲಿನ ಹಿಂದಿನಿಂದ ಎಳೆಯ ಗಂಡು ಧ್ವನಿಯೊಂದು ಬೇಸರದಿಂದ ಅಂದಿತು: "ಇರ್ಲಿ, ಇನ್ನೊಂದ್ ಸಲ."

ಮೇಷ್ಟ್ರು ಸಿಡುಕಿನಿಂದ ಭಾವಮೈದನ ಕಡೆ ತಿರುಗಿದರು. ತಮ್ಮನ್ನು ಅಣಕಿಸಲು ಇದೇನಾ ಹೊತ್ತು. ಆದರೆ ಭಾವಮೈದನ ಬಾಯಿ ಬಿಗಿಯಾಗಿ ಮುಚ್ಚಿತ್ತು, ಎರಡು ಕೈಯೂ ಅದರ ಮೇಲಿದ್ದವು.

ಮೇಷ್ಟ್ರು ಬಾಗಿಲು ತಳ್ಳಿದರು. ಖಾಲಿ ಕೋಣೆ. ಒಂದು ಕುರ್ಚಿ. ಮೇಜಿನ ಮೇಲೆ ಸ್ಪೀಕರು, ಪಕ್ಕದಲ್ಲಿ ಧ್ವನಿಮುದ್ರಣ ಕೋಣೆಯ ಹಳೆಯ ಟೇಪ್ ಯಂತ್ರ. ಅದರ ಚಕ್ರಗಳು ಇನ್ನೂ ತಿರುಗುತ್ತಿದ್ದವು. ಆ ಎಳೆಯ ಧ್ವನಿ ಇನ್ನೊಮ್ಮೆ ಮಾತಾಡಿತು: "ಕ್ಷಮಿಸಿ ಸಾರ್, ಇದು ಸರಿ ಬರ್ಲಿಲ್ಲ. ರೀಡ್ ಬದಲಾಯಿಸ್ಕೋತೀನಿ."

"ಭಾವ," ಎಂದ ಭಾವಮೈದ, ಬಾಯಿಂದ ಕೈ ತೆಗೆದು. "ಫೋನ್ ಮಾಡಿದ್ದು ನಾನೇ. ಮೊದಲ ಸ್ವರಕ್ಕೇ ನಿಮ್ಮದೇ ಟೇಪು ಅಂತ ಗುರುತು ಹಿಡಿದು ಒಳಗೆ ಬಂದು ಬೈತೀರಿ, ಆಮೇಲೆ ಕೂತು ಕೇಳಿ ಖುಷಿಪಡ್ತೀರಿ ಅಂದ್ಕೊಂಡಿದ್ದೆ. ನೀವು ಹೀಗೆ... ನನಗೆ ಗೊತ್ತಾಗ್ಲಿಲ್ಲ. ಅಕ್ಕನಿಗೆ ಹೇಳ್ಬೇಡಿ."

ಮೇಷ್ಟ್ರು ಟೇಪ್ ಯಂತ್ರವನ್ನೇ ದಿಟ್ಟಿಸಿದರು. ಮೊದಲು ಮೂಗಿನಿಂದ ಸಣ್ಣ ಸದ್ದೊಂದು ಹೊರಟಿತು, ರೀಡ್ ಒದ್ದೆಯಾಗದಿದ್ದಾಗ ಹೊರಡುವಂಥದ್ದು. ಪಿಯಾನೋ ಮೇಡಂ ಗಾಬರಿಯಾಗಿ ಒಂದು ಹೆಜ್ಜೆ ಮುಂದೆ ಬಂದರು. ಮೇಷ್ಟ್ರ ಭುಜ ಕುಲುಕತೊಡಗಿತು.

"ಜ್ವರ ಬಂದಿದೆಯಾ ಅಂದ್ನಲ್ಲ ನಾನು," ಎಂದರು. "ಇವನಿಗೇನ್ರೀ ಮೇಡಂ, ನಾನು ಇಷ್ಟು ವರ್ಷ ಹೆದರ್ಕೊಂಡು ಕ್ಯಾಂಟೀನಿಗೆ ಓಡಿದ್ದು?"

ಮೇಡಂ ಮೊದಲು ನಕ್ಕರು, ಭಾವಮೈದ ಅನುಮಾನದಿಂದ ನಕ್ಕ, ವಿದ್ಯಾರ್ಥಿಗಳು ನಗಬಹುದೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕೆಳಗಿನ ಮಹಡಿಯಿಂದ ನಿಜವಾದ ಮೂರು ಕೆಮ್ಮು ಕೇಳಿಸಿತು. ಏನಿದು ಗಲಾಟೆ ಎಂದು ಮುಖ್ಯಸ್ಥರು ಮೆಟ್ಟಿಲು ಹತ್ತುತ್ತಿದ್ದರು.

"ಹೋಗೋ," ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತ. "ಭಿತ್ತಿಪತ್ರಕ್ಕೆ ನನ್ನ ಹೆಸರು ಹಾಕ್ಕೊಳ್ಳಿ ಅಂತ ಹೇಳು. ನನ್ನ ಗಂಟಲಲ್ಲೇ ಹೇಳು, ನನಗೀಗ ಮಾತು ಹೊರಡಲ್ಲ."

ಭಾವಮೈದ ಮೆಟ್ಟಿಲ ತುದಿಗೆ ಹೋಗಿ, ಪಕ್ಕಾ ಭಾವನ ಧ್ವನಿಯಲ್ಲಿ ಹೇಳಿದ: "ಸಾರ್, ಇರ್ಲಿ, ಇನ್ನೊಂದ್ ಸಲ."

ಅದನ್ನು ಕೇಳಿ ಮೇಷ್ಟ್ರಿಗೆ ನಿಲ್ಲಲೂ ಆಗಲಿಲ್ಲ. ಅತಿಥಿಯ ಖಾಲಿ ಕುರ್ಚಿಯ ಮೇಲೆ ಧೊಪ್ಪನೆ ಕೂತು, ಹೊಟ್ಟೆಯ ಮೇಲಿನ ಸ್ಯಾಕ್ಸೋಫೋನು ಕುಲುಕಿ ಕೀಲಿಗಳೆಲ್ಲ ಗಲಗಲ ಎನ್ನುವಂತೆ, ಕಾರಿಡಾರಿನಲ್ಲಿದ್ದ ಅಷ್ಟೂ ಜನರ ನಗುವನ್ನು ಮುಳುಗಿಸಿ ನಕ್ಕರು.