ನೀರು ಬಂದ ದಾರಿ

ಕಾಲೇಜಿನ ಸಭಾಂಗಣದಲ್ಲಿ ಅವತ್ತು ಮೇಷ್ಟ್ರುಗಳೇ ಹುಡುಗರ ಹಾಗೆ ಬೆಂಚಿನ ಮೇಲೆ ಕೂತಿದ್ದರು. ಊರ ಜನರ ನಡುವೆ ಹೋಗಿ, ಅವರ ಕಷ್ಟವನ್ನೇ ಪಾಠ ಮಾಡಿಕೊಂಡು ಕಲಿಸುವುದು ಹೇಗೆ ಅಂತ ಅವರಿಗೆ ಹೇಳಿಕೊಡಲು ಒಬ್ಬ ತರಬೇತಿ ಮೇಡಂ ಬಂದಿದ್ದರು. 'ಸಮುದಾಯ ಆಧಾರಿತ ಕಲಿಕೆ' ಎಂದು ಗೋಡೆಗೆ ದಪ್ಪಕ್ಷರದ ಬ್ಯಾನರ್ ಕಟ್ಟಿತ್ತು. ಆ ಸಮುದಾಯ ಯಾರಪ್ಪಾ ಅಂದರೆ, ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಡಿ ಅಲ್ಲಾಡಿಸುತ್ತ ಕೂತಿದ್ದ ಕಿಡಿ, ಅವನ ಪಕ್ಕ ಪುಕ್ಕಟೆ ಬಿಸ್ಕತ್ತು ಬಾಯಿಗೆ ತುಂಬಿಕೊಳ್ಳುತ್ತಿದ್ದ ಮೂಲೆಮನೆ ಚಿಕ್ಕಮ್ಮ.

ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುವುದರಿಂದ ಅವನಿಗೆ ಕಿಡಿ ಅಂತ ಹೆಸರು ಬಿದ್ದಿತ್ತು. ಅವನ ಬಾಯಿಯ ರುಚಿ ಕಂಡವರು ಮಾತ್ರ ಕಾರಣ ಬೇರೆ ಇದೆ ಅನ್ನುತ್ತಿದ್ದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ಈ ಕಾಲೇಜಿನ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಬೆಳಿಗ್ಗೆ ಕೆಲಸಕ್ಕೆ ಹೊರಟ ಅಕ್ಕ ಬಾಗಿಲಲ್ಲೇ ತಡೆದು ಹೇಳಿದ್ದಳು.

"ಕರೆದಿದ್ದಾರೆ, ಹೋಗು. ಕಾಫಿ ಕೊಟ್ರೆ ಕುಡಿ. ಆ ನೀರಿನ ಸುದ್ದಿ ಎತ್ತಬೇಡ. ನನ್ನ ಅನ್ನ ಇರೋದು ಆ ಕಾಲೇಜಿನ ಹಾಸ್ಟೆಲ್ಲಲ್ಲಿ, ಮರೀಬೇಡ."

"ನಾನೇನು ಮಾತಾಡ್ತೀನಕ್ಕ, ಮೂಗ ನಾನು," ಅಂದಿದ್ದ ಕಿಡಿ.

"ನಿನ್ನಂಥ ಮೂಗ ಓಣಿಗೊಬ್ಬ ಸಾಕು."

ಈಗ ಮೇಡಂ ಅವನ ಮುಂದೆ ಬಂದು, ಬಣ್ಣದ ಚೀಟಿ ಹಿಡಿದು, ಮಗುವನ್ನು ಕೇಳುವ ಹಾಗೆ ಕೇಳಿದರು. "ನಿಮ್ಮ ಓಣಿಯ ದೊಡ್ಡ ಕಷ್ಟ ಯಾವುದು? ಸಂಕೋಚ ಬೇಡ, ಮನಸ್ಸು ಬಿಚ್ಚಿ ಹೇಳಿ."

ಕಿಡಿ ನಾಲಿಗೆ ಕಚ್ಚಿ ಹಿಡಿದ. ಹಿಡಿದದ್ದು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ನಿಮ್ ನೀರು."

"ಅಂದ್ರೆ?"

"ನಿಮ್ ಹಾಸ್ಟೆಲಿಂದು. ಪಾತ್ರೆ ತೊಳೆದದ್ದು, ಮೈ ತೊಳೆದದ್ದು, ಮಿಕ್ಕಿದ್ದು ತೊಳೆದದ್ದು, ಎಲ್ಲ. ದಿನಾ ಊಟ ಆದ್ಮೇಲೆ ನಮ್ಮನೆಗೆ ಬರುತ್ತೆ. ನೆಂಟರಾದ್ರೆ ಚಪ್ಪಲಿನಾದ್ರೂ ಹೊರಗೆ ಬಿಡ್ತಾರೆ. ನಮ್ಮಮ್ಮನಿಗೆ ನಡೆಯೋಕಾಗಲ್ಲ, ಅವಳ ಕಾಲಿನ ಹುಣ್ಣು ಆ ಗಬ್ಬಿಗೇ ಆರ್ತಿಲ್ಲ."

ಯಾರೋ ನಕ್ಕು, ನಕ್ಕದ್ದು ತಪ್ಪಾಯಿತು ಅಂತ ಕೆಮ್ಮಿದರು. ಮೇಡಂ ಚೀಟಿಯ ಮೇಲೆ 'ನೈರ್ಮಲ್ಯದ ಅರಿವು' ಅಂತ ಬರೆದರು.

"ಅರಿವು ಇದೆ ಮೇಡಂ," ಅಂದಳು ಚಿಕ್ಕಮ್ಮ. "ಮೂಗು ಇದೆಯಲ್ಲ."

"ಅಲ್ಲಮ್ಮ, ಒಂದು ಸೆಮಿಸ್ಟರ್ ಒಳಗೆ ಮಕ್ಕಳು ಮಾಡಿ ಮುಗಿಸುವಂಥದ್ದು ಬೇಕು. ಪೈಪು, ಚರಂಡಿ ಎಲ್ಲ ಆಡಳಿತದವರ ವಿಷಯ." ಮೇಡಂ ಇನ್ನೊಂದು ಚೀಟಿಯಲ್ಲಿ 'ನೀರು' ಅಂತ ಬರೆದು, ಪಕ್ಕದ ಗೋಡೆಗೆ ಅಂಟಿಸಿದ ಒಂದು ದೊಡ್ಡ ಹಾಳೆಗೆ ಹಚ್ಚಿದರು. ಅದರ ತಲೆಗೆ 'ಆಮೇಲೆ ನೋಡೋಣ' ಎಂದು ಬರೆದಿತ್ತು. ಆ ಹಾಳೆ ಆಗಲೇ ಅರ್ಧ ತುಂಬಿತ್ತು.

ಕಿಡಿಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಆ ನೀರು ಆಮೇಲೆ ಬರಲ್ಲ ಮೇಡಂ. ಊಟದ ಗಂಟೆ ಹೊಡೀತು, ಇನ್ನೇನು ಬರುತ್ತೆ. ತಾನಾಗಿ ಬರಲ್ಲ, ಯಾರೋ ಬಿಡ್ತಾರೆ. ಬನ್ನಿ, ಆ ಪುಣ್ಯಾತ್ಮನ್ನ ಕುತ್ತಿಗೆ ಹಿಡಿದು ತೋರಿಸ್ತೀನಿ."

ಹಿಂದಿನ ಬೆಂಚಿನಿಂದ ಕೆಮಿಸ್ಟ್ರಿ ಮೇಷ್ಟ್ರು ಎದ್ದು ನಿಂತ. ಹೊಸಬ, ಇನ್ನೂ ಕೆಲಸ ಕಾಯಂ ಆಗದವನು. "ಹೋಗೋಣ ಮೇಡಂ. ನೀರು ಬಂದ ದಾರಿ ಹಿಡಿದು ಮೇಲಕ್ಕೆ ಹತ್ತೋಣ."

ಮೇಡಂ ಮುಖ ದೀಪ ಹಚ್ಚಿದಂತಾಯಿತು. "ಇದೇ! ನಾನು ಬೆಳಿಗ್ಗೆಯಿಂದ ಹೇಳ್ತಿರೋ ಕಲಿಕೆ ಇದೇ!"

ಕಾಲೇಜಿನ ಇಳಿಜಾರಿನ ಕೆಳಗೇ ಓಣಿ. ಅವರು ಬರುವ ಹೊತ್ತಿಗೆ ಚರಂಡಿ ಗೊಳಗೊಳ ಅಂದು, ಕಪ್ಪು ನೀರು ಅಂಚು ಮೀರಿ ಮನೆಗಳ ಕಡೆ ಕೈ ಚಾಚಿತ್ತು. ಕಿಡಿಯ ಮನೆಯಲ್ಲಿ ಅಮ್ಮ ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು. ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಪೇರಿಸಿತ್ತು, ನೆಲದ ಮೇಲಿನ ಸಾಮಾನೆಲ್ಲ ಹಲಗೆ ಏರಿತ್ತು.

"ಇದೆಲ್ಲ ನಮ್ಮಕ್ಕನ ಕೆಲಸ," ಅಂದ ಕಿಡಿ ಹೆಮ್ಮೆಯಿಂದ. "ಏನೂ ನೆನೆಯದ ಹಾಗೆ ಎತ್ತಿಟ್ಟೇ ಕೆಲಸಕ್ಕೆ ಹೋಗ್ತಾಳೆ."

ಮೇಷ್ಟ್ರುಗಳು ಮೂಗಿಗೆ ಕರ್ಚೀಫು ಒತ್ತಿಕೊಂಡು ಚರಂಡಿಯ ದಂಡೆ ಹಿಡಿದು ಹತ್ತಿದರು. ಚಿಕ್ಕಮ್ಮನ ಬೈಗುಳ ಮೆರವಣಿಗೆಗೆ ಮುಂದಾಯಿತು: ನೀರು ಬಿಡುವವರ ಮನೆ ಹಾಳಾಗ, ಅವರ ಕೈ ಸೇದಿಹೋಗ. ಚರಂಡಿ ಹಾಸ್ಟೆಲಿನ ಹಿಂಗೋಡೆಗೆ ಮುಗಿಯಿತು. ಅಲ್ಲೊಂದು ತಗಡಿನ ಬಾಗಿಲು. ಓಣಿಯವರು ಬಡಿದರೆ ಯಾವತ್ತೂ ತೆರೆಯದ ಬಾಗಿಲು, ಕಾಲೇಜಿನವರ ದನಿ ಕೇಳಿದ್ದೇ ತೆರೆದುಕೊಂಡಿತು. ತೆರೆದದ್ದು ವಾರ್ಡನ್.

ಕಿಡಿಯೇ ಮೊದಲು ನುಗ್ಗಿದ.

ಪಾತ್ರೆ ತೊಳೆಯುವ ಅಂಗಳದ ಮೂಲೆಯಲ್ಲಿ ತೊಟ್ಟಿ, ತೊಟ್ಟಿಯ ಬಾಯಿಗೆ ಚರಂಡಿಗೆ ಹೋಗುವ ದಪ್ಪ ಕೊಳವೆ, ಕೊಳವೆಯ ಮೇಲೊಂದು ಕಬ್ಬಿಣದ ಚಕ್ರ. ಎರಡೂ ಕೈಯಲ್ಲಿ ಅದನ್ನು ಹಿಡಿದು, ನೀರು ಪೂರ್ತಿ ಬಿಡಲು ಕೊನೆಯ ಸುತ್ತು ತೆರೆಯುತ್ತಿದ್ದವಳು ಅವನ ಅಕ್ಕ.

ಅವನ ಕಣ್ಣು ಅಕ್ಕನ ಮುಖದ ತನಕ ಏರಲಿಲ್ಲ, ಚಕ್ರದಲ್ಲೇ ಸಿಕ್ಕಿಬಿತ್ತು. ಅದರ ಒಂದು ಕಡ್ಡಿ ಮುರಿದು ಮತ್ತೆ ಸೇರಿತ್ತು. ಸೇರಿದ ಕಡೆ ಹುಳು ಹರಿದಂಥ ಬೆಸುಗೆ. ಅದು ಅವನ ಕೈಯದು. ಒಂದು ದಿನ ಅಕ್ಕ ಬಟ್ಟೆಯಲ್ಲಿ ಸುತ್ತಿ ತಂದು, "ಅಡುಗೆಮನೆದು ಕಣೋ, ಬೇಗ ಬೆಸೆದುಕೊಡು," ಅಂದಿದ್ದಳು. ಅಕ್ಕನದು ಅಂತ ಅವನು ಎರಡು ಸಲ ಬೆಸುಗೆ ಎಳೆದು ಗಟ್ಟಿ ಮಾಡಿಕೊಟ್ಟಿದ್ದ. ಅಕ್ಕ ಜ್ವರ ಬಂದು ಮಲಗಿದ್ದಾಗ ಓಣಿ ಒಣಗಿದ್ದದ್ದೂ ಈಗ ನೆನಪಾಯಿತು. ಅವತ್ತು ಎಲ್ಲರೂ ನಮ್ಮ ಪುಣ್ಯ ಅಂದಿದ್ದರು.

"ಅಯ್ಯೋ, ನೀನೇನೇ!" ಅಂದಳು ಚಿಕ್ಕಮ್ಮ.

"ತುಂಬಿದ್ರೆ ಈ ಅಂಗಳಕ್ಕೆ ಉಕ್ಕುತ್ತೆ ಚಿಕ್ಕಮ್ಮ," ಅಂದಳು ಅಕ್ಕ, ನೆಲ ನೋಡುತ್ತ. "ಉಕ್ಕಿದ ದಿನ ನನಗೆ ಗೇಟು ತೋರಿಸ್ತಾರೆ."

ವಾರ್ಡನ್ ಕೈ ಝಾಡಿಸಿದ. "ನಾವ್ಯಾರೂ ಬಿಡು ಅಂತ ಬಾಯಿಬಿಟ್ಟು ಹೇಳಿಲ್ಲಪ್ಪ. ಅಂಗಳ ಒಣಗಿರಬೇಕು ಅಂದಿದ್ದೀವಿ, ಅಷ್ಟೇ."

"ಹಾಗಾದ್ರೆ ಸಮಸ್ಯೆಯ ಬೇರು ಸಮುದಾಯದ ಒಳಗೇ ಇದೆ," ಎಂದು ಮೇಡಂ ಮೆಲ್ಲಗೆ ಹೇಳಿ ಪೆನ್ನಿನ ಮುಚ್ಚಳ ತೆಗೆದರು. ನಾಲ್ಕಾರು ಮೇಷ್ಟ್ರುಗಳೂ ತೆಗೆದರು.

ಕೆಮಿಸ್ಟ್ರಿ ಮೇಷ್ಟ್ರು ಕಿಡಿಯ ಹತ್ತಿರ ಬಂದು ಪಿಸುಗುಟ್ಟಿದ. "ಇವರು ನಿಮಗೆ ಏನಾಗಬೇಕು?"

ಗೊತ್ತಿಲ್ಲ ಅಂದು ಹೊರಟುಬಿಡಬಹುದಿತ್ತು. ಅಕ್ಕನೂ, ಹಾಗೇ ಅನ್ನು ಅಂತ ಕಣ್ಣಲ್ಲೇ ಬೇಡುತ್ತಿದ್ದಳು.

"ನಮ್ಮಕ್ಕ," ಅಂದ ಕಿಡಿ, ಎಲ್ಲರಿಗೂ ಕೇಳುವ ಹಾಗೆ. "ಆ ಚಕ್ರ ರಿಪೇರಿ ಮಾಡಿದ್ದು ನಾನು. ಅದನ್ನೂ ಬರ್ಕೊಳ್ಳಿ ಮೇಡಂ."

ಹೋಗಿ ಚಕ್ರಕ್ಕೆ ಕೈ ಹಾಕಿದ. "ಬೇಡ ಕಣೋ, ನಿನ್ನ ದಮ್ಮಯ್ಯ," ಅಂತ ಅಕ್ಕ ಅವನ ಮಣಿಕಟ್ಟು ಹಿಡಿದಳು. ಅವನು ಬಿಡದೆ ತಿರುಗಿಸಿದ. ಬೆಸುಗೆ ಗಟ್ಟಿಯಾಗಿತ್ತು, ಚಕ್ರ ಎಲ್ಲೂ ತಡೆಯದೆ ಸುತ್ತಿ ಕೊಳವೆ ಮುಚ್ಚಿತು. ತೊಟ್ಟಿ ಗೊರಗೊರ ಅಂದು, ತುಳುಕಿ, ಮೇಷ್ಟ್ರುಗಳ ಬೂಟಿನ ಸುತ್ತ ಕಪ್ಪು ನೀರು ಹರಡಿತು. ಎಲ್ಲರೂ ಹೋ ಅಂತ ಮೆಟ್ಟಿಲು ಹತ್ತಿದರು.

"ಓಡ್ತೀರ ಯಾಕೆ? ನಿಂತು ಕಲೀರಿ!" ಕಿಡಿ ಕೂಗಿದ. "ನಮ್ಮಮ್ಮ ದಿನಾ ಇದ್ರೊಳಗೇ ಕೂತಿರ್ತಾಳೆ!"

ವಾರ್ಡನ್ ಅವನ ಮೇಲೆ ಕೂಗಲಿಲ್ಲ. ಅಕ್ಕನ ಕಡೆ ತಿರುಗಿ, "ನಾಳೆಯಿಂದ ಬರಬೇಡ," ಅಂದ, ಅಷ್ಟೇ. ಮೇಡಂ ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಕೆಮಿಸ್ಟ್ರಿ ಮೇಷ್ಟ್ರು ಒಬ್ಬನೇ ನೀರಿನಲ್ಲಿ ನಿಂತಿದ್ದ. ವಾರ್ಡನ್ ತನ್ನ ಕಡೆ ತಿರುಗಿದ್ದೇ ಅವನೂ ಮೆಟ್ಟಿಲು ಹತ್ತಿದ.

ಅಕ್ಕ ತಮ್ಮ ಇಬ್ಬರೂ ಮನೆಗೆ ಇಳಿದರು. ಓಣಿಯಲ್ಲಿ ನೀರು ಇಳಿದು, ನೆಲ ಜಿಡ್ಡಿನಿಂದ ಹೊಳೆಯುತ್ತಿತ್ತು.

"ಇವತ್ತು ಬೇಗ ನಿಂತಿತಲ್ಲೋ!" ಅಂದಳು ಅಮ್ಮ, ಮಗುವಿನಂತೆ ಖುಷಿಯಾಗಿ.

ಕಿಡಿಗೆ ಏನಾದರೂ ಮಾಡಲೇಬೇಕು ಅನ್ನಿಸಿತು. ಬಗ್ಗಿ, ಮಂಚದ ಕಾಲು ಎತ್ತಿ ಹಿಡಿದು ಇಟ್ಟಿಗೆ ಎಳೆಯಹೋದ.

"ಇರಲಿ, ತೆಗೀಬೇಡ. ನನ್ನ ಜಾಗಕ್ಕೆ ಆಗಲೇ ಜನ ಹೊರಟರು," ಅಂದಳು ಅಕ್ಕ, ಬಾಗಿಲಾಚೆ ನೋಡುತ್ತ.

ಅವನೂ ನೋಡಿದ. ತಲೆ ಬಾಚಿ, ಮಗಳ ಕೈ ಹಿಡಿದುಕೊಂಡು, ಮೂಲೆಮನೆ ಚಿಕ್ಕಮ್ಮ ಹಾಸ್ಟೆಲಿನ ಕಡೆ ಇಳಿಜಾರು ಹತ್ತುತ್ತಿದ್ದಳು. ಇವರ ಬಾಗಿಲ ಮುಂದೆ ಮಾತ್ರ ಅವಳ ನಡೆ ಸ್ವಲ್ಪ ಚುರುಕಾಯಿತು.

ಕಿಡಿ ಮಂಚವನ್ನು ಮತ್ತೆ ಇಟ್ಟಿಗೆಯ ಮೇಲೆ ಇಳಿಸಿದ, ಅಮ್ಮನಿಗೆ ಅಲುಗದ ಹಾಗೆ.