ಒದ್ದೆ ಕಾಗದ

"ಕಾಗದ ನೆನೆಸಿದ್ದ ಬಕೀಟಿನ ನೀರು ಖಾಲಿ ಮಾಡಿದ್ದು ಪೋಲಮ್ಮನೇ ತಾನೆ?"

ಲ್ಯಾಬಿನ ಮುಖ್ಯಸ್ಥ ಹರಿಕೃಷ್ಣ ಕೇಳಿದಾಗ ತ್ರಿವೇಣಿ ಭೂತಗನ್ನಡಿಯಿಂದ ಕಣ್ಣೆತ್ತಲಿಲ್ಲ.

"ಇನ್ಯಾರು ಸಾರ್?" ಎಂದ ಪಂಪು ನೋಡುವ ಭೀಮೇಶ. "ಒರೆಸೋ ಬಕೀಟಿನ ತಳದಲ್ಲೇ ಸಿಕ್ತಲ್ಲ ಆ ಕಾಗದದ ಕರಿ. ಮುದುಕಿಗೆ ನೆಲ ಫಳಫಳ ಅನ್ಬೇಕು, ಲ್ಯಾಬ್ ಸುಟ್ಟೋದ್ರೂ ಚಿಂತೆಯಿಲ್ಲ."

"ಹಾಗಾದ್ರೆ ಅವಳ ತಪ್ಪು ಅಂತ ನಾಳೆ ಮೇಲಿನವರಿಗೆ ಬರೆದು ಕಳಿಸ್ತೀನಿ. ಇನ್ನು ಗೇಟಿನೊಳಗೆ ಬಿಡ್ಬೇಡಿ."

ಹಿಂದೂಪುರದ ಆ ಕಾರ್ಖಾನೆಯಲ್ಲಿ ತ್ರಿವೇಣಿಯ ಕೆಲಸ, ಕೂದಲಿಗಿಂತ ತುಸು ದಪ್ಪನೆಯ ಗಾಜಿನ ಕೊಳವೆಗಳನ್ನು ನೋಡುವುದು. ಕೊಳವೆಯ ಒಳಗೋಡೆಗೆ ಪಲ್ಲಾಡಿಯಂ ಲೋಹದ ಕರಿ ಲೇಪ ಸಮನಾಗಿ ಹಿಡಿದಿರಬೇಕು. ಔಷಧಿಯ ದ್ರವವೂ ಹೈಡ್ರೋಜನ್ನೂ ಒಂದಾಗುವುದು ಆ ಲೇಪದ ಮೇಲೆಯೇ. ಲೇಪ ಎಲ್ಲಿ ಬಿಟ್ಟಿದೆಯೆಂಬುದು ಹರಿಕೃಷ್ಣನಿಗಿಂತ ಮೊದಲು ಅವಳ ಕಣ್ಣಿಗೆ ಬೀಳುತ್ತಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳನ್ನು ಗುಡಿಸುವ ಕೆಲಸದಿಂದ ಎತ್ತಿ ಮೇಜಿಗೆ ಕೂರಿಸಿದ್ದು ಅದಕ್ಕೇ. "ದೊಡ್ಡ ಪಾತ್ರೆಯಲ್ಲಿ ಹೈಡ್ರೋಜನ್ ಅಂದ್ರೆ ಬಾಂಬು. ಇದರ ಪಕ್ಕ ಮಗೂನ ಮಲಗಿಸ್ಬಹುದು" ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಕೊಳವೆ ತೊಳೆದಾಗ ಉದುರುವ ಕರಿಯನ್ನು ಸೋಸಿದ ಕಾಗದಗಳು ಮಾತ್ರ ನೀರಿನ ಬಕೀಟಿನಲ್ಲೇ ಇರಬೇಕು. ಯಾವಾಗಲೂ ಒದ್ದೆಯಿರಬೇಕು ಎಂದಿದ್ದನೇ ಹೊರತು, ಒಣಗಿದರೆ ಗಾಳಿ ಸೋಕಿ ತಾನಾಗಿ ಹೊತ್ತಿಕೊಳ್ಳುತ್ತದೆಂದು ಅವನು ಹೇಳಿರಲಿಲ್ಲ.

ಸೋಮವಾರ ನೀರಿನ ಟ್ಯಾಂಕರ್ ಬಂದಿರಲಿಲ್ಲ. ಪೋಲಮ್ಮ ನೆಲ ಒರೆಸುವ ತನ್ನ ಖಾಲಿ ಬಕೀಟು ಅಲ್ಲೇ ಇಟ್ಟು, ನೀರಿಗಾಗಿ ಗೇಟಿನವನ ಜೊತೆ ಜಗಳಕ್ಕೆ ಹೋಗಿದ್ದಳು. ಕಲ್ಯಾಣದುರ್ಗದಲ್ಲಿ ತ್ರಿವೇಣಿಯ ಅವ್ವ ಸೊಪ್ಪು ತೊಳೆದ ನೀರನ್ನೂ ಚೆಲ್ಲುವವಳಲ್ಲ. ಮಣ್ಣು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿ ಇನ್ನೊಂದು ಕೆಲಸಕ್ಕೆ ಇಡುವಳು. ತ್ರಿವೇಣಿಯೂ ಹಾಗೇ ಮಾಡಿದಳು. ಕಾಗದಗಳನ್ನು ತೆಗೆದು ಕಿಟಕಿಕಟ್ಟೆಯ ಮೇಲೆ ಹರವಿ, ತಿಳಿನೀರನ್ನು ಪೋಲಮ್ಮನ ಬಕೀಟಿಗೆ ಬಗ್ಗಿಸಿದಳು. ಒದ್ದೆಯಿವೆಯಲ್ಲ, ಟ್ಯಾಂಕರ್ ಬರುವವರೆಗೆ ಸಾಕು ಅಂದುಕೊಂಡು ಊಟಕ್ಕೆ ಹೋದಳು. ನೀರು ತುಂಬಿಸಿಟ್ಟಿದ್ದು ನಾನೇ ಎಂದು ಪೋಲಮ್ಮನಿಗೆ ಹೇಳಿಕೊಳ್ಳಲು ಅವಳಿಗೆ ನಾಚಿಕೆ.

ಬಿಸಿಲಿಗೆ ಕಾಗದ ಒಣಗಿ ಹೊತ್ತಿಕೊಂಡಿತು. ಪಕ್ಕದಲ್ಲೇ ಸ್ಪಿರಿಟ್ಟಿನ ಡಬ್ಬಿಯಿತ್ತು. ನೆಲ ಒರೆಸುತ್ತಿದ್ದ ಪೋಲಮ್ಮ ಬರಿಗೈಯಲ್ಲೇ ಬೆಂಕಿ ಬಡಿದಳು.

ಹರಿಕೃಷ್ಣ ಹಾಗೆ ಕೇಳಿದ ಗುರುವಾರ ಸಂಜೆ ಕೆಲಸ ಬಿಟ್ಟವಳೇ ತ್ರಿವೇಣಿ ಇಡ್ಲಿ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋದಳು. ಪೋಲಮ್ಮನ ಎರಡೂ ಕೈಗಳಿಗೆ ಮೊಣಕೈವರೆಗೆ ಬಟ್ಟೆ ಸುತ್ತಿ ದಿಂಬಿನ ಮೇಲೆ ಇಟ್ಟಿದ್ದರು.

"ಬಂದ್ಯಾ ತಾಯಿ? ಬೆಳಿಗ್ಗೆಯಿಂದ ಹೊಟ್ಟೆಗೇನಿಲ್ಲ ಕಣಮ್ಮ. ತಟ್ಟೆ ಇಟ್ಬುಟ್ಟು ಹೋಯ್ತಾರೆ. ನಾನೇನು ಎಮ್ಮೆನಾ, ಮೂತಿ ಹಾಕಿ ತಿನ್ನಾಕೆ?"

ತ್ರಿವೇಣಿ ಇಡ್ಲಿ ಮುರಿದು, ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟಳು. ಪೋಲಮ್ಮ ಸರಿಯಾಗಿ ಅಗಿಯದೆ ನುಂಗಿ ಮತ್ತೆ ಬಾಯಿ ತೆರೆದಳು. ಎರಡು ಇಡ್ಲಿ ಖಾಲಿಯಾದವು.

"ಭೀಮೇಶ ಬಂದಿದ್ದ. ನೀರು ನೀನೇ ತಗಂಡೆ ಅಂತಾನೆ. ಬಕೀಟು ತುಂಬಿತ್ತು, ಟ್ಯಾಂಕರ್ ಬಂತು ಅಂದ್ಕಂಡೆ. ಅಷ್ಟೇ ಗ್ಯಾಪ್ಕ. ಮೂರು ದಿನದಿಂದ ಅದೇ ಯೋಚ್ನೆ. ವಯಸ್ಸಾಗಿ ಮರೆತ್ಬುಟ್ನಾ? ನೀನು ಮಾತಾಡ್ದಿದ್ರೂ ಎಲ್ಲಾ ನೋಡ್ತಿರ್ತೀಯ. ಹೇಳು ಪಾಪಾ, ನಾನೇ ಇಟ್ನಾ ಆ ಕಾಗ್ದಾನ?"

ಹೂಂ ಎಂದರೆ ಸಾಕಿತ್ತು. ಹೂಂ ಅನ್ನದಿದ್ದರೆ ಕೆಲಸ ಹೋಗಿ, ಮತ್ತೆ ಕಲ್ಯಾಣದುರ್ಗದ ಬಸ್ಸು.

"ನೀನಲ್ಲ ಪೋಲಕ್ಕ."

ಅವಳು ಮತ್ತೊಮ್ಮೆ ಹೇಳಿದಳು. "ನೀನಲ್ಲ. ನೀರು ಬಗ್ಗಿಸಿದ್ದೂ ನಾನೇ, ಕಾಗ್ದ ಹರವಿದ್ದೂ ನಾನೇ. ನಾಳೆ ಸಾರ್‌ಗೆ ಹೇಳ್ತೀನಿ."

ಪಕ್ಕದ ಮಂಚದವಳು ಹೊರಳಿ ನೋಡಿದಳು. ಪೋಲಮ್ಮನ ದೃಷ್ಟಿ ತ್ರಿವೇಣಿಯ ಮುಖದಿಂದ ಇಳಿದು, ಪೊಟ್ಟಣ ಹಿಡಿದ ಕೈಗಳ ಮೇಲೆ ನಿಂತಿತು.

ತ್ರಿವೇಣಿ ಇನ್ನೊಂದು ಚೂರು ಮುರಿದು, ಅದ್ದಿ, ಹಿಡಿದಳು. ಪೋಲಮ್ಮನ ಬಾಯಿ ತೆರೆಯಲಿಲ್ಲ. ಚಟ್ನಿ ತ್ರಿವೇಣಿಯ ಬೆರಳುಗಳಿಂದ ಮಣಿಕಟ್ಟಿಗೆ ಇಳಿದು ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.