ವಿಷಾದರಾಯನ ರೀಸೆಟ್ಟು

ರಿಪೇರಿಯಣ್ಣನ ಮನೆಯ ವಾಷಿಂಗ್ ಮಷೀನು ನಡೆಯಲು ಕಲಿತದ್ದು ಕೊಂಡ ಹತ್ತನೇ ತಿಂಗಳಿಗೆ. ಮನುಷ್ಯರ ಮಕ್ಕಳೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ನಡೆಯುವುದರಿಂದ ಮೊದಮೊದಲು ಯಾರೂ ಗಾಬರಿಯಾಗಲಿಲ್ಲ. ಬಟ್ಟೆ ಹಿಂಡುವ ಹೊತ್ತಿಗೆ ಅದು ಗಡಗಡನೆ ನಡುಗಿ, ಬಚ್ಚಲ ಪಕ್ಕದ ತನ್ನ ಜಾಗ ಬಿಟ್ಟು ಹೊರಡುತ್ತಿತ್ತು. ಒಂದು ಸಲ ಮುಂಬಾಗಿಲ ಹೊಸ್ತಿಲವರೆಗೂ ಬಂದು, ಹೊರಗೆ ಮಳೆ ಇರುವುದನ್ನು ನೋಡಿ ಹಿಂದಕ್ಕೆ ಹೋಯಿತೆಂದು ಅವನ ತಾಯಿ ಇವತ್ತಿಗೂ ಹೇಳುತ್ತಾಳೆ. ಆಮೇಲೆ ಅದು ನೀರು ಹೊರಬಿಡುವುದನ್ನೂ ನಿಲ್ಲಿಸಿ, ಹೊಟ್ಟೆ ತುಂಬ ಸೋಪಿನ ನೀರು ಇಟ್ಟುಕೊಂಡು ಮುನಿದು ಕೂತಿತು.

ಬೇರೆ ಮನೆಯಲ್ಲಾಗಿದ್ದರೆ ಇದು ಬರೀ ಕಷ್ಟ, ಈ ಮನೆಯಲ್ಲಿ ಅವಮಾನ. ಯಾಕೆಂದರೆ ಆ ಬೀದಿಯಲ್ಲಿ ತಿರುಗುವ, ಬಿಸಿಯಾಗುವ, ಸದ್ದು ಮಾಡುವ ಯಾವ ಸಾಮಾನು ಕೆಟ್ಟರೂ ಬರುತ್ತಿದ್ದದ್ದು ರಿಪೇರಿಯಣ್ಣನ ಅಂಗಡಿಗೆ. ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದನೆಂದರೆ ಎಂಥ ಫ್ಯಾನೂ ತನ್ನ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಿತ್ತು. ಸರಿಮಾಡಿ ಮುಚ್ಚಿದ ಮೇಲೆ ಪ್ರತಿ ಸ್ಕ್ರೂವಿನ ತಲೆಗೂ ಒಂದು ಚುಕ್ಕೆ ಕೆಂಪು ನೇಲ್ ಪಾಲಿಷ್ ಇಡುತ್ತಿದ್ದ. ಬೇರೆಯವರು ಬಿಚ್ಚಿದರೆ ಚುಕ್ಕೆ ಒಡೆಯುತ್ತದೆ. ಆಗ 'ನೀವೇ ಕೆಡಿಸಿದ್ದು' ಎಂದು ಜಗಳಕ್ಕೆ ಬಂದವರ ಬಾಯಿ ಮುಚ್ಚಿಸಬಹುದು. ಮೊದಲ ಬಾಟಲಿ, ಮದುವೆಯಾದ ಹೊಸದರಲ್ಲಿ ಹೆಂಡತಿಯ ಡಬ್ಬಿಯಿಂದ ಎತ್ತಿಕೊಂಡದ್ದು. ಇಪ್ಪತ್ತಾರು ವರ್ಷವಾದರೂ ಅದೇ ಬಣ್ಣ. ಬೀದಿಯ ಅಷ್ಟೂ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳಿಗೆ ದಡಾರ ಎದ್ದ ಹಾಗೆ ಕಾಣುತ್ತಿತ್ತು.

ಆದರೆ ಸ್ವಂತ ಮನೆಯ ಮಷೀನಿಗೆ ಅವನು ಕೊಟ್ಟ ಔಷಧಿ ಒಂದೇ. "ನಾಳೆ ನೋಡ್ತೀನಿ." ಮೂರು ವಾರ ಬರೀ ನಾಳೆಗಳಾದವು. ಅವನ ಹೆಂಡತಿ ಹಗಲೆಲ್ಲ ಶಾಲೆಯ ಆಫೀಸಿನಲ್ಲಿ ಕೂತು ಮಕ್ಕಳ ತಂದೆತಾಯಿಗಳ ದೂರು ಕೇಳಿ, ಸಂಜೆ ಬಂದು ಬಕೆಟ್ಟಿನಲ್ಲಿ ಬಟ್ಟೆ ಒಗೆದು, ಬಲಗೈಯ ಮೊಣಕೈ ನೋವು ತಂದುಕೊಂಡಳು. ಕೊನೆಗೆ ಮಷೀನಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ ತೆಗೆದಳು.

"ರೀ, ಇನ್ನೂ ಹದಿನಾಲ್ಕು ತಿಂಗಳು ವಾರಂಟಿ ಇದೆ. ಕಂಪನಿಗೆ ಫೋನ್ ಮಾಡ್ತೀನಿ. ನೀವು ಮಾತ್ರ ಅದಕ್ಕೆ ಕೈ ಹಾಕ್ಬೇಡಿ. ಹೊರಗಿನವರು ಬಿಚ್ಚಿದ್ರೆ ವಾರಂಟಿ ಹೋಯ್ತು ಅಂತ ದಪ್ಪಕ್ಷರದಲ್ಲಿ ಹಾಕಿದಾರೆ."

"ಹೊರಗಿನವರಾ? ನಾನು ಹೊರಗಿನವನಾ?"

"ಮಷೀನಿಗೆ ಹೌದು," ಎಂದಳು ಹೆಂಡತಿ.

ಮೊದಲ ವಾರ ಕಂಪನಿಯ ಫೋನಿನಲ್ಲಿ ಮನುಷ್ಯರೇ ಸಿಗಲಿಲ್ಲ. ರೆಕಾರ್ಡಿನ ಹೆಂಗಸೊಬ್ಬಳು ದೂರಿಗಾಗಿ ಎರಡನ್ನು ಒತ್ತಿ ಎನ್ನುತ್ತಿದ್ದಳು. ಎರಡು ಒತ್ತಿದರೆ ಐದು, ಐದು ಒತ್ತಿದರೆ ನಕ್ಷತ್ರ, ನಕ್ಷತ್ರ ಒತ್ತಿದರೆ ಪಿಟೀಲು. ಪಿಟೀಲು ಮುಗಿದ ಕೂಡಲೇ ಅದೇ ಹೆಂಗಸು, ಪರಿಚಯವೇ ಇಲ್ಲದವಳ ಹಾಗೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ನಡುವೆ ಒಂದು ಮೆಸೇಜು ಬಂತು: 'ನಮ್ಮ ತಂತ್ರಜ್ಞರು ಭೇಟಿ ನೀಡಿದಾಗ ತಮ್ಮ ಮನೆ ಬಾಗಿಲು ಮುಚ್ಚಿತ್ತು.' ತಾಯಿ ಆ ದಿನವಿಡೀ ಬಾಗಿಲಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ನನ್ನನ್ನೇ ಬಾಗಿಲು ಅಂದ್ಕೊಂಡು ಹೋಗಿರ್ಬೇಕು," ಎಂದಳು ತಾಯಿ.

ರಿಪೇರಿಯಣ್ಣನಿಗೆ ಆ ವಾರ ಕಳೆದ ಸುಖ ಅಷ್ಟಿಷ್ಟಲ್ಲ. ಹೆಂಡತಿ ಫೋನು ಕಿವಿಗಿಟ್ಟುಕೊಂಡು ಪಿಟೀಲು ಕೇಳುತ್ತಿದ್ದರೆ ಅವನು ಎದುರಿಗೆ ಕೂತು ತಲೆದೂಗಿ ತಾಳ ಹಾಕುತ್ತಿದ್ದ. ಇನ್ನೆರಡು ದಿನದಲ್ಲಿ ಸೋತು ಬಂದು, 'ರೀ, ನಿಮ್ಮಿಂದಲೇ ಆಗ್ಬೇಕು' ಎನ್ನುತ್ತಾಳೆ. ಆ ಒಂದು ಮಾತು ಕೇಳಿದ ಮೇಲೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದು ಎಂದು ಲೆಕ್ಕ ಹಾಕಿದ್ದ.

ಎರಡನೇ ವಾರ ಆ ಧ್ವನಿ ಬಂತು. ಗಂಡಸಿನದು. ನುಣುಪು ಎಂದರೆ ಅಂಥ ನುಣುಪು, ಫೋನಿನಿಂದ ಹೊರಬಂದ ಮಾತು ಕೆಳಗೆ ಬಿದ್ದರೆ ಯಾರಾದರೂ ಜಾರಿ ಬೀಳಬೇಕು.

"ಮೇಡಂ, ತಮಗಾದ ಅಡಚಣೆಗಾಗಿ ನಾವು ಮನಃಪೂರ್ವಕವಾಗಿ ವಿಷಾದಿಸುತ್ತೇವೆ."

ನಿಂತಿದ್ದ ಹೆಂಡತಿ ಹಾಗೇ ಕೂತಳು. ಇಪ್ಪತ್ತಾರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳೆದುರು ವಿಷಾದಿಸಿರಲಿಲ್ಲ. ಶಾಲೆಯಲ್ಲಂತೂ ವಿಷಾದಿಸುವ ಕೆಲಸವೆಲ್ಲ ಅವಳದೇ.

"ಅಯ್ಯೋ, ಪರವಾಗಿಲ್ಲ ಬಿಡಿ," ಎಂದಳು. ಆಗ ತಾನೇ ಪುಸ್ತಕದಿಂದ ಗಾಳಿ ಬೀಸಿಕೊಂಡು, ಸಿಕ್ಕವನಿಗೆ ಸರಿಯಾಗಿ ಝಾಡಿಸುತ್ತೇನೆ ಎಂದಿದ್ದವಳು ಇವಳೇ.

"ಪರವಾಗಿದೆ ಮೇಡಂ. ಕೈಯಲ್ಲಿ ಬಟ್ಟೆ ಒಗೆಯುತ್ತಿದ್ದೀರಿ. ತಮಗೆ ನೋವಾಗುವುದಿಲ್ಲವೆ?"

"ಮೊಣಕೈ ಸ್ವಲ್ಪ..."

"ಛೆ, ಛೆ. ಈ ಕೇಸು ಇನ್ನು ನನ್ನದು. ಪ್ರತಿದಿನ ಸಂಜೆ ಆರಕ್ಕೆ ನಾನೇ ಕರೆ ಮಾಡುತ್ತೇನೆ."

ಗೋಡೆಗೊರಗಿ ಕೇಳುತ್ತಿದ್ದ ರಿಪೇರಿಯಣ್ಣನ ಹೊಟ್ಟೆಯೊಳಗೆ ಯಾವುದೋ ವೈರು ಸುಟ್ಟ ವಾಸನೆ ಬಂತು.

ಆ ಪುಣ್ಯಾತ್ಮ ಹೇಳಿದಂತೆ ದಿನವೂ ಮಾಡಿದ. ಎದುರು ಮನೆಯವರು ಅವನ ಕರೆಯ ಸದ್ದು ಕೇಳಿ ಗೋಡೆ ಗಡಿಯಾರ ಸರಿಮಾಡಿಕೊಳ್ಳತೊಡಗಿದರು. ಮಷೀನು ಮಾತ್ರ ಹಾಗೇ ಕೂತಿತ್ತು. ಒಂದು ದಿನ ಬಿಡಿಭಾಗ ಬಂದಿಲ್ಲ, ಇನ್ನೊಂದು ದಿನ ಬಿಡಿಭಾಗ ಬಂದಿದೆ, ತಂತ್ರಜ್ಞರು ಬಂದಿಲ್ಲ. ಒಂದೊಂದಕ್ಕೂ ಅವನು ಹೊಸದಾಗಿ ವಿಷಾದಿಸುತ್ತಿದ್ದ. ಹೆಂಡತಿಗೆ ಸಿಟ್ಟೇ ಬರುತ್ತಿರಲಿಲ್ಲ. ಅದೇ ರಿಪೇರಿಯಣ್ಣನನ್ನು ಸುಡುತ್ತಿದ್ದದ್ದು. ತಾನು ಬಲ್ಬು ಹಾಕುವುದು ಅರ್ಧ ದಿನ ತಡವಾದರೆ ಮನೆ ಮಾಡು ಹಾರಿಸುವವಳು, ಏನೂ ಮಾಡದ ಈ ಮನುಷ್ಯನಿಗೆ, 'ನೀವೂ ಎಷ್ಟಂತ ಓಡಾಡ್ತೀರಿ, ಪಾಪ' ಎನ್ನುತ್ತಿದ್ದಳು. ಎಂಟಕ್ಕೆ ಅಂಗಡಿ ಮುಚ್ಚುತ್ತಿದ್ದವನು ಈಗ ಐದೂಮುಕ್ಕಾಲಿಗೆಲ್ಲ ಮನೆಯಲ್ಲಿ ಹಾಜರು.

"ಏನಂತಾನೆ ಇವತ್ತು ನಿನ್ನ ವಿಷಾದರಾಯ?" ಎಂದು ಒಂದು ಸಂಜೆ ಕೇಳಿದ.

"ಯಾರು?" ಎಂದಳು ಹೆಂಡತಿ, ಗೊತ್ತಾಗಿಯೂ.

ತಾಯಿ ಕುರ್ಚಿಯಿಂದಲೇ, "ಹೆಸರು ಚೆನ್ನಾಗಿದೆ ಕಣೋ. ನಿಂಗೇನಾದ್ರೂ ತಮ್ಮ ಹುಟ್ಟಿದ್ರೆ ಇದನ್ನೇ ಇಡ್ತಿದ್ದೆ," ಎಂದಳು.

ಮಾರನೆಯ ದಿನ ರಿಪೇರಿಯಣ್ಣ ತಾನೂ ಒಂದು ಕೈ ನೋಡೋಣವೆಂದುಕೊಂಡ. ಅಡುಗೆಮನೆ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ಇಷ್ಟು ದಿನ ಆದ ಅಡಚಣೆಗಾಗಿ ನಾನು ವಿಷಾದಿಸುತ್ತೇನೆ," ಎಂದ.

ಹೆಂಡತಿ ಒದ್ದೆ ಕೈ ಒರೆಸಿಕೊಂಡು ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ!"

ಹೀಗೆ ಒಟ್ಟು ಏಳು ವಾರವಾದ ಮೇಲೆ ಒಂದು ಬುಧವಾರ ಬೆಳಿಗ್ಗೆ ಮೆಸೇಜು ಬಂತು: ನಾಳೆ ಖಂಡಿತ ತಂತ್ರಜ್ಞರು ಬರುತ್ತಾರೆ. ರಿಪೇರಿಯಣ್ಣ ಅದನ್ನು ಎರಡು ಸಲ ಓದಿದ. ನಾಳೆ ಮಷೀನು ಸರಿಯಾದರೆ ಗೆದ್ದವನು ವಿಷಾದರಾಯ. ಆಮೇಲೆ ಸಾಯುವ ತನಕ ಬಟ್ಟೆ ಒಗೆದಾಗಲೆಲ್ಲ ಅವನ ಹೆಸರು. ಇವತ್ತೇ ತಾನಾಗಿ ಸರಿಹೋದರೆ? ಕೇಸೂ ಇಲ್ಲ, ಆರು ಗಂಟೆಯೂ ಇಲ್ಲ.

ಮಧ್ಯಾಹ್ನ ಹೆಂಡತಿ ಶಾಲೆಯಲ್ಲಿದ್ದಾಗ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದ.

"ಅಮ್ಮಾ, ನೀನು ಏನೂ ನೋಡಿಲ್ಲ."

"ನಾನು ಬಾಗಿಲು ಕಣೋ," ಎಂದಳು ತಾಯಿ. "ಬಾಗಿಲಿಗೆಲ್ಲಿ ಕಣ್ಣು?"

ಹಿಂದಿನ ತಗಡು ಬಿಚ್ಚಿ, ನೀರು ಹೊರಹಾಕುವ ಪಂಪನ್ನು ಕೈಗೆ ತೆಗೆದುಕೊಂಡ. ಅದರ ಬಾಯೊಳಗಿಂದ ಒಂದೊಂದೇ ಹೊರಬಂದವು: ಹದಿನೇಳು ಸ್ಕ್ರೂ, ಎರಡು ಫ್ಯೂಸು, ಒಂದು ರೇಡಿಯೋದ ಗುಂಡಿ. ಆ ಗುಂಡಿಗಾಗಿ ಆರು ತಿಂಗಳ ಹಿಂದೆ ಒಬ್ಬ ಗಿರಾಕಿಯ ಜೊತೆ ಮಾತು ಬಿಟ್ಟಿದ್ದ. ಅಂಗಡಿಯಲ್ಲಿ ಬಿಚ್ಚಿದ ಸ್ಕ್ರೂಗಳನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು ಅವನ ರೂಢಿ. ಅಂಗಿಯನ್ನು ಹಾಗೇ ಒಗೆಯಲು ಎಸೆಯುವುದೂ ರೂಢಿ. ಮಷೀನಿನ ಕಾಯಿಲೆ ಏನೆಂದು ಹುಡುಕಲು ಸ್ಕ್ರೂಡ್ರೈವರನ್ನು ಕಿವಿಗಿಡುವ ಅಗತ್ಯವೇ ಇರಲಿಲ್ಲ.

ಎಲ್ಲವನ್ನೂ ಮತ್ತೆ ಜೇಬಿಗೇ ಹಾಕಿಕೊಂಡ. ಪಂಪು ಕೂರಿಸಿ, ಸಡಿಲವಾಗಿದ್ದ ಕಾಲು ಬಿಗಿಮಾಡಿ, ತಗಡು ಮುಚ್ಚಿ, ಅಂಗಡಿಗೆ ಓಡಿದ.

ಸಂಜೆ ಹೆಂಡತಿ ಬಂದು, ತಂತ್ರಜ್ಞರು ಬರುವ ಮುಂಚೆ ಒಂದು ಸಲ ನೋಡೋಣವೆಂಬಂತೆ ಗುಂಡಿ ಒತ್ತಿದಳು. ಮಷೀನು ಗುರ್ ಎಂದು ಶುರುವಾಗಿ, ನೀರು ಬಿಟ್ಟು, ಬಟ್ಟೆ ಹಿಂಡಿ, ನಿಂತಲ್ಲೇ ನಿಂತಿತು.

"ರೀ! ಅತ್ತೆ! ಸರಿಹೋಗಿದೆ!"

ರಿಪೇರಿಯಣ್ಣ ಮುಖದ ತುಂಬ ಆಶ್ಚರ್ಯ ಹಚ್ಚಿಕೊಂಡು, "ಹೌದಾ?" ಎಂದ. ಆರು ಹೊಡೆಯಿತು. ಫೋನು ಬಂತು.

"ನಿಮ್ಮ ಮಷೀನು ತಾನಾಗೇ ಸರಿಹೋಯ್ತು ನೋಡಿ!" ಎಂದಳು ಹೆಂಡತಿ.

ಆ ಕಡೆ ಕೀಬೋರ್ಡು ಕುಟ್ಟುವ ಸದ್ದು ಬಂತು. ಆಮೇಲೆ ಆ ಧ್ವನಿ ಹೇಳಿತು: "ತಾನಾಗಿ ಅಲ್ಲ ಮೇಡಂ. ತಮ್ಮ ಕಷ್ಟ ನೋಡಲಾಗದೆ ಮಧ್ಯಾಹ್ನ ನಾನೇ ಇಲ್ಲಿಂದ ರೀಸೆಟ್ ಕೊಟ್ಟೆ."

"ಅಯ್ಯೋ ದೇವರೇ! ಕೂತಲ್ಲಿಂದಾನೇ?" ಹೆಂಡತಿ ಫೋನಿಗೆ ಕೈ ಅಡ್ಡ ಹಿಡಿದು ಗಂಡನ ಕಡೆ ತಿರುಗಿದಳು. "ಕೇಳಿದ್ರಾ? ಮುಟ್ಟದೇನೇ ಸರಿ ಮಾಡ್ಬಿಟ್ರಂತೆ! ನೀವು ಮುಟ್ಟಿದ್ರೂ ಎರಡು ದಿನ ತಗೋತೀರಿ."

ರಿಪೇರಿಯಣ್ಣ ದಡಕ್ಕನೆ ಎದ್ದ. ಜೇಬಿನಲ್ಲಿ ಹದಿನೇಳು ಸ್ಕ್ರೂಗಳು ಗಲಗಲ ಎಂದವು. ಹೇಳಿದರೆ ವಾರಂಟಿ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ. ಆ ಸಂಜೆ ಅವನು ಊಟಕ್ಕೆ ಕೂತು, ತಟ್ಟೆಯಲ್ಲಿದ್ದದ್ದು ಏನೆಂದು ನೋಡದೆ ಎರಡು ಸಲ ಬಡಿಸಿಕೊಂಡ.

ಗುರುವಾರ ಬೆಳಿಗ್ಗೆ ಕಂಪನಿಯ ಮೆಕ್ಯಾನಿಕ್ಕು ಬಂದೇ ಬಂದ. ಸರಿಹೋಗಿದ್ದರೂ ಕೇಸು ಮುಚ್ಚಲು ಫೋಟೋ ಬೇಕಂತೆ. ದಪ್ಪ ಮೀಸೆಯ, ನಿದ್ದೆಗೆಟ್ಟ ಮುಖದ ಮನುಷ್ಯ. ಮಷೀನನ್ನು ತಿರುಗಿಸಿದವನೇ ಬಗ್ಗಿ ನೋಡಿ, "ಇದೇನಿದು?" ಎಂದ.

ಹಿಂದಿನ ತಗಡಿನ ಎಂಟೂ ಸ್ಕ್ರೂಗಳ ಮೇಲೆ ಎಂಟು ಕೆಂಪು ಚುಕ್ಕೆ.

ಇಪ್ಪತ್ತಾರು ವರ್ಷದ ಕೈ. ಮಾಲೀಕನನ್ನು ಕೇಳದೆ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು.

ಹೆಂಡತಿ ಚುಕ್ಕೆಗಳನ್ನು ನೋಡಿದಳು. ಗಂಡನನ್ನು ನೋಡಿದಳು. ಅದು ತನ್ನ ಮದುವೆಯ ಡಬ್ಬಿಯ ಬಣ್ಣವೆಂದು ಗುರುತು ಹಿಡಿಯಲು ಅವಳಿಗೆ ಎಷ್ಟು ಹೊತ್ತು? ಆದರೂ ಶಾಲೆಯ ಆಫೀಸಿನಲ್ಲಿ ಪಳಗಿದವಳು. ಮುಖ ಸ್ವಲ್ಪವೂ ಅಲುಗಲಿಲ್ಲ.

"ಅದು ಮನೆಗೆ ಬಂದಾಗಿಂದ ಹಾಗೇ ಇದೆಯಪ್ಪ."

"ಹಾಗಾದ್ರೆ ಫ್ಯಾಕ್ಟರಿಯವರೇ ಹಾಕಿರ್ಬೇಕು," ಎಂದ ಮೆಕ್ಯಾನಿಕ್ಕು. ಅವನಿಗೆ ಇನ್ನೂ ಒಂಬತ್ತು ಮನೆ ಇತ್ತು. "ಸರಿ, ರೀಸೆಟ್ ಕೊಟ್ಟು ಸರಿಯಾಯ್ತು ಅಂತ ಬರ್ಕೋತೀನಿ. ವಾರಂಟಿಗೇನೂ ತೊಂದ್ರೆ ಇಲ್ಲ. ರೀಸೆಟ್ ಕೊಟ್ಟೋರು ಯಾರು?"

"ದಿನಾ ಆರಕ್ಕೆ ಫೋನ್ ಮಾಡ್ತಾರಲ್ಲ, ಅವರು," ಎಂದಳು ಹೆಂಡತಿ, ಗಂಡನಿಗೆ ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳುತ್ತ.

ಇನ್ನೂ ವರ್ಷಕ್ಕೂ ಮಿಕ್ಕಿದ ವಾರಂಟಿ ಕೈಯಲ್ಲಿತ್ತು. ರಿಪೇರಿಯಣ್ಣ ಸುಮ್ಮನಿದ್ದರೆ ಸಾಕಿತ್ತು. ಇರಲೂ ನೋಡಿದ. ಮೆಕ್ಯಾನಿಕ್ಕು 'ರೀಸೆಟ್' ಎಂಬುದರ ಮೊದಲ ಅಕ್ಷರ ಬರೆಯುವುದನ್ನೂ ನೋಡಿದ.

"ರೀಸೆಟ್ಟೂ ಇಲ್ಲ, ಮಣ್ಣೂ ಇಲ್ಲ!" ಎಂದು ಕೂಗಿದ. ಎದುರು ಮನೆಯ ಗಡಿಯಾರ ನಿಂತುಹೋಯಿತು ಎನ್ನುತ್ತಾರೆ. "ಬಿಚ್ಚಿದ್ದು ನಾನು! ಪಂಪ್ ತೆಗೆದು ಸ್ವಚ್ಛ ಮಾಡಿದ್ದು ನಾನು! ಬೇಕಾದ್ರೆ ಇಲ್ಲಿ ನೋಡಿ!" ಜೇಬಿನಿಂದ ಹಿಡಿ ತುಂಬ ಸ್ಕ್ರೂ ತೆಗೆದು ಮಷೀನಿನ ಮೇಲೆ ಸುರಿದ.

ಮೆಕ್ಯಾನಿಕ್ಕು ಸ್ಕ್ರೂಗಳನ್ನು ನೋಡಿದ. ಪಂಪನ್ನು ಬೆರಳಿಂದ ತಿರುಗಿಸಿ ನೋಡಿದ. "ಕೆಲಸ ಮಾತ್ರ ಒಳ್ಳೆ ಕೈಯದು, ಅಣ್ಣಾ," ಎಂದು, 'ವಾರಂಟಿ ರದ್ದು' ಎಂದು ಬರೆದುಕೊಂಡು ಹೊರಟುಹೋದ.

ಹೆಂಡತಿ ಒಂದು ಸ್ಕ್ರೂ ಎತ್ತಿಕೊಂಡು ಬೆಳಕಿಗೆ ಹಿಡಿದಳು. "ಇವು ಯಾರ ಜೇಬಿಂದು?"

ರಿಪೇರಿಯಣ್ಣ ಅಂಗಿಯ ಜೇಬನ್ನು ಅಂಗೈಯಿಂದ ಮರೆಮಾಡಿದ. ತಾಯಿ ಬಾಗಿಲಾಗಿದ್ದರಿಂದ ಏನೂ ನೋಡಿರಲಿಲ್ಲ.

ಆರು ಗಂಟೆಗೆ ವಿಷಾದರಾಯ ಕೊನೆಯ ಸಲ ಕರೆ ಮಾಡಿದ. ನಿಯಮದಂತೆ ವಾರಂಟಿ ರದ್ದಾಗಿರುವುದಕ್ಕೆ ವಿಷಾದಿಸಿದ. ರೀಸೆಟ್ಟಿನ ಸುದ್ದಿ ಎತ್ತಲಿಲ್ಲ, ಹೆಂಡತಿಯೂ ಕೇಳಲಿಲ್ಲ. ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಮೇಡಂ ಎಂದ.

"ಹತ್ತು," ಎಂದಳು ಹೆಂಡತಿ.

ಫೋನು ಇಟ್ಟದ್ದೇ ತಡ, ರಿಪೇರಿಯಣ್ಣ ಹಾರಿಬಿದ್ದ. "ಹತ್ತಾ? ಆ ಸುಳ್ಳನಿಗೆ ಹತ್ತಾ?"

"ಸುಳ್ಳು ಹೇಳಿದ್ದು ಒಂದೇ ದಿನ. ಮೊಣಕೈ ಹೇಗಿದೆ ಅಂತ ದಿನಾ ಕೇಳಿದಾನೆ."

ಅವನು ಮಷೀನಿನ ಮೂಲೆ ಉಜ್ಜುತ್ತ ನಿಂತ. "ಮತ್ತೆ... ನಂಗೆಷ್ಟು?"

"ನಿಮ್ಮ ಕೇಸು ಇನ್ನೂ ಕ್ಲೋಸ್ ಆಗಿಲ್ಲ," ಎಂದು ಹೆಂಡತಿ ಒಳಗೆ ಹೋದಳು.

ಶುಕ್ರವಾರ ಸಂಜೆ ಆರಕ್ಕೆ ಸರಿಯಾಗಿ ರಿಪೇರಿಯಣ್ಣ ಅಂಗಡಿಯಿಂದ ಮನೆಗೆ ಫೋನು ಮಾಡಿದ. ಇಷ್ಟು ಹೊತ್ತಿಗೆ ಆ ವಿಷಾದರಾಯ ಇನ್ಯಾರ ಮೊಣಕೈ ವಿಚಾರಿಸುತ್ತಿದ್ದಾನೋ ಎಂದು ನೆನೆದರೂ ಹೊಟ್ಟೆ ಉರಿಯುತ್ತಿತ್ತು. ಎತ್ತಿಕೊಂಡದ್ದು ತಾಯಿ.

"ಅವಳಿಗೆ ಕೊಡಮ್ಮಾ. ಮೊಣಕೈ ಹೇಗಿದೆ ಅಂತ ಕೇಳ್ಬೇಕಿತ್ತು."

"ಬಟ್ಟೆ ಒಣಗ್ಹಾಕ್ತಿದಾಳೆ. ಕಾಯ್ತಾ ಇರು," ಎಂದು ತಾಯಿ ಫೋನನ್ನು ಮಷೀನಿನ ಮೇಲಿಟ್ಟು ಹೋದಳು.

ಪಿಟೀಲು ಇರಲಿಲ್ಲ. ಮಷೀನು ತಿರುಗುವ ಸದ್ದು ಕೇಳಿಸುತ್ತಿತ್ತು. ರಿಪೇರಿಯಣ್ಣ ಕಣ್ಣು ಮುಚ್ಚಿ, ಹೆಮ್ಮೆಯಿಂದ, ಸ್ಕ್ರೂಡ್ರೈವರಿನ ಹಿಡಿಯನ್ನು ಒತ್ತುವಂತೆ ಫೋನನ್ನು ಕಿವಿಗೆ ಒತ್ತಿಕೊಂಡ. ಎಣ್ಣೆ ಹಾಕಿದಂಥ ಸದ್ದು. ಮೂರನೇ ಸುತ್ತಿಗೆ ಒಳಗೆಲ್ಲೋ ಸಣ್ಣಗೆ ಟಿಕ್ ಎಂದಿತು. ಮತ್ತೆ ಟಿಕ್. ಅವನು ಮೆಲ್ಲಗೆ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಇದು ಇವತ್ತಿನ ಅಂಗಿ. ನಿನ್ನೆಯದು ಅಲ್ಲಿ ತಿರುಗುತ್ತಿತ್ತು.

"ಹಲೋ, ಹೇಳಿ," ಎಂದಳು ಹೆಂಡತಿ, ಫೋನು ಎತ್ತಿಕೊಂಡು.

ರಿಪೇರಿಯಣ್ಣ ಗಂಟಲು ಸರಿಮಾಡಿಕೊಂಡ.

"ಮೇಡಂ," ಎಂದ, "ತಮಗಾಗಲಿರುವ ಅಡಚಣೆಗಾಗಿ..."